ಹಳೇ ಕೋರ್ಟಿನ ಗೋಡೆಗೆ ಸಿಮೆಂಟ್ ಬೇಡ

ಹಳೇ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಕೋರ್ಟು, ಕಚೇರಿ, ಜೈಲು, ಎಲ್ಲಿಗೆ ಕರೆದರೂ ಮೊದಲ ಮಾತು ಒಂದೇ: "ಗೋಡೆ ಉದುರ್ತಿದೆ ಸಾರ್, ಸಿಮೆಂಟ್ ಪ್ಲಾಸ್ಟರ್ ಮಾಡಿಸಿಬಿಡೋಣ್ವಾ?"

ದಯವಿಟ್ಟು ಬೇಡ.

ಬೆಂಗಳೂರಿನ ಹೈಕೋರ್ಟ್ ಇರುವ ಅಠಾರಾ ಕಚೇರಿ ಕಟ್ಟಿ ಮುಗಿದದ್ದು 1868ರಲ್ಲಿ. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ಜನ ಕೋರ್ಟಿಗೆ ಹೋದರು. ಕಟ್ಟಡದ ಕೇಸು ಅದೇ ಕಟ್ಟಡದೊಳಗೆ! ಈಗ ಫ್ರೀಡಂ ಪಾರ್ಕ್ ಆಗಿರುವ ಹಳೇ ಸೆಂಟ್ರಲ್ ಜೈಲೂ ಹೆಚ್ಚುಕಡಿಮೆ ಅದೇ ಕಾಲದ್ದು. ನಮ್ಮ ದೇಶದಲ್ಲಿ, ಗುಜರಾತಿನ ಪೋರಬಂದರಿನ ಕಾರ್ಖಾನೆಯಲ್ಲಿ, ಸಿಮೆಂಟ್ ತಯಾರಾಗತೊಡಗಿದ್ದು 1914ರ ಹೊತ್ತಿಗೆ. ಅದಕ್ಕಿಂತ ಹಳೇ ಗೋಡೆ ಕಂಡರೆ ಸುಣ್ಣದ ಗಾರೆ ಅಂತಲೇ ಹಿಡಿಯಿರಿ, ಇಲ್ಲವೇ ಮಣ್ಣು.

ಸುಣ್ಣದ ಗೋಡೆ ನೀರು ಕುಡಿಯುತ್ತದೆ, ಆಮೇಲೆ ಬಿಡುತ್ತದೆ. ನೆಲದ ತೇವ ಮೇಲೇರಿ ಗಾರೆಯ ಮೂಲಕ ಆರಿಹೋಗುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಮುಚ್ಚಿಹೋಯಿತು. ನೀರು ಇನ್ನೆಲ್ಲಿಗೆ ಹೋಗಬೇಕು? ಇನ್ನೂ ಮೇಲಕ್ಕೆ ಹತ್ತುತ್ತದೆ. ಆ ನೀರಿನಲ್ಲಿ ಕರಗಿದ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹೊರಗೆ ಗಟ್ಟಿ, ತಟ್ಟಿದರೆ ಟೊಳ್ಳು ಸದ್ದು. ಸುಣ್ಣದ ಗಾರೆ ಉದುರಿದರೆ ಉದುರಲಿ ಬಿಡಿ. ಗೋಡೆಯ ಬದಲು ತಾನು ಸವೆಯಲೆಂದೇ ಅದನ್ನು ಬಳಿದಿರುತ್ತಾರೆ. ಹೋದಲ್ಲಿ ಮತ್ತೆ ಸುಣ್ಣವನ್ನೇ ಬಳಿದರಾಯಿತು.

ಎಲ್ಲ ತೇವಕ್ಕೂ ಸಿಮೆಂಟೇ ಕಾರಣ ಅನ್ನುತ್ತಿಲ್ಲ. ಸೋರುವ ಪೈಪೂ ಇರಬಹುದು, ಎತ್ತರಿಸಿದ ರಸ್ತೆಯೂ ಇರಬಹುದು. ನೋಡದೆ ಹೇಳಲಾಗದು. ಹಾಗೆಯೇ, ಬಳಿದ ಸಿಮೆಂಟನ್ನು ನಾಳೆಯೇ ಕೆತ್ತಿಸಲು ಹೋಗಬೇಡಿ. ಇಟ್ಟಿಗೆಯ ಮುಖವೂ ಕಿತ್ತುಬರುತ್ತದೆ. ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿಸಿ.

ಒಂದು ತಾಲ್ಲೂಕು ಊರಿನಲ್ಲಿ ಮುಂದೆ ಕೋರ್ಟು, ಹಿಂದೆ ಕೈದಿಗಳ ಹಳೇ ಕೋಣೆಗಳು. ಅವನ್ನು ರೆಕಾರ್ಡ್ ರೂಮು ಮಾಡಿ, ಸಿಮೆಂಟ್ ಹಾಕಿ, ಮೇಲೆ ಆಯಿಲ್ ಪೇಂಟ್ ಬೇರೆ ಹೊಡೆಸಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಕಡತದ ಕಟ್ಟುಗಳೆಲ್ಲ ಬೂಸ್ಟು ಹಿಡಿದವು. ತಾರಸಿ ಸೋರುತ್ತಿದೆ ಅಂತ ಅದಕ್ಕೂ ದುಡ್ಡು ಸುರಿದರು. ನಾನು ಹೋದಾಗ ಕೊನೆಯ ಕೋಣೆ ಮಾತ್ರ ಬೆಚ್ಚಗೆ ಒಣಗಿತ್ತು. ಹಳೇ ಸುಣ್ಣ ಹಾಗೇ ಇತ್ತು.

"ಇದನ್ಯಾಕೆ ಬಿಟ್ರಿ?" ಅಂದೆ.

"ಅಲ್ಲಿ ದೆವ್ವ ಇದೆ ಸಾರ್," ಅಂದ ಕಾವಲುಗಾರ. "ಕೆಲಸದವ್ರು ಒಳಗೇ ಹೋಗ್ಲಿಲ್ಲ."

ಕಡತಗಳನ್ನು ಅಲ್ಲಿಗೇ ಸಾಗಿಸಿದೆವು. ಗುಮಾಸ್ತರು ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರು.