ತಲೆಬರಹ ನೋಡಿ ಮೋಸ ಹೋಗಬೇಡಿ

ನಾನು ಹೆಣೆಯುವ ಪದಬಂಧದ ಮೇಲೆ ‘ನಮ್ಮ ನದಿಗಳು’ ಅಂತ ತಲೆಬರಹ ಹಾಕಿದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ವಿಜಯಪುರದಿಂದ ಖಾನಾಪುರದವರೆಗೆ ಎಲ್ಲರದೂ ಒಂದೇ ತಕರಾರು: ‘ನಮ್ಮ ಉತ್ತರ ಬರೋಬ್ಬರಿ ಕುಂತೈತ್ರೀ, ತಪ್ಪು ನಿಮ್ಮದ.’

ಬರೋಬ್ಬರಿ ಕೂತಿರುತ್ತದೆ. ತೊಂದರೆ ಇರುವುದೇ ಅಲ್ಲಿ.

ಒಮ್ಮೆ ‘ಬೆಳಗಾವಿ ಜಿಲ್ಲೆಯಲ್ಲಿ ಅಣೆಕಟ್ಟು ಕಂಡ ನದಿ (4)’ ಎಂದು ಕೇಳಿದ್ದೆ. 4 ಅಂದರೆ ನಾಲ್ಕು ಮನೆ, ಮನೆಗೊಂದು ಅಕ್ಷರ. ಗೋಕಾಕ ಕಡೆಯ ಹಿರಿಯರೊಬ್ಬರು, ವಾರ ತಪ್ಪಿಸದೆ ಬಿಡಿಸುವವರು, ಕೂಡಲೇ ಘಟಪ್ರಭಾ ಎಂದು ಬರೆದರು. ಹಿಡಕಲ್ ಅಣೆಕಟ್ಟು ಇದೆಯಲ್ಲ! ಇದೆ, ಯಾರು ಇಲ್ಲ ಅಂದರು? ಸವದತ್ತಿ ಹತ್ತಿರ ನವಿಲುತೀರ್ಥವೂ ಇದೆ, ಅದು ಮಲಪ್ರಭೆಗೆ ಕಟ್ಟಿದ್ದು. ಘ-ಟ-ಪ್ರ-ಭಾ, ಮ-ಲ-ಪ್ರ-ಭಾ. ಎರಡಕ್ಕೂ ನಾಲ್ಕೇ ಮನೆ, ಕೊನೆಯ ಎರಡು ಮನೆಯಲ್ಲಿ ಅವೇ ಅಕ್ಷರ. ತೀರ್ಪು ಕೊಡಬೇಕಾದದ್ದು ಮೊದಲ ಮನೆಯಿಂದ ಕೆಳಗಿಳಿಯುವ ಪದ. ಅದರ ಸುಳಿವು ‘ಮಣ್ಣಿನ ಪಾತ್ರೆ (3)’. ಮಡಕೆ. ಅಲ್ಲಿಗೆ ಘಟಪ್ರಭೆಯ ಕಥೆ ಮುಗಿಯಬೇಕಿತ್ತು.

ಹಿರಿಯರು ‘ಘಟಕ’ ಎಂದು ಬರೆದರು. ‘ಘಟ ಅಂದ್ರ ಗಡಿಗಿ ಹೌದಲ್ರೀ? ಸಣ್ಣದಿದ್ರ ಘಟಕ.’ ಮರುದಿನ ಮತ್ತೆ ಫೋನು. ‘ಮೂರನೇ ಸಾಲಿನ್ಯಾಗ ಕೆರೆ ಬರಬೇಕ್ರೀ. ನಿಮ್ಮ ಚೌಕದಾಗ ‘ಕ’ ಕುಂತೈತಿ, ‘ಕೆ’ ಎಲ್ಲೈತಿ?’ ಆ ‘ಕ’ ನಾನು ಕೂರಿಸಿದ್ದಲ್ಲ. ನಕ್ಕೆ, ಆದರೆ ಹೇಳಲಿಲ್ಲ. ಅಂಥ ವಾದ ಹೂಡುವವರು ಇದ್ದರೇ ಈ ಆಟಕ್ಕೆ ಕಳೆ.

ಆದರೂ ಹೇಳಲೇಬೇಕು. ತಲೆಬರಹ ಉತ್ತರ ಕೊಡುವುದಿಲ್ಲ. ಬಂದ ಉತ್ತರ ಸರಿಯೇ ಎಂದು ತಾಳೆ ನೋಡುವುದಕ್ಕೆ ಅದು ಇರುವುದು. ಮೊದಲು ದಾಟಿ ಹೋಗುವ ಪದ, ಆಮೇಲೆ ತಲೆಬರಹ. ವಿಷಯ ನೋಡಿ ಹೊಳೆದ ಪದವನ್ನು, ಎಷ್ಟೇ ಚೆಂದ ಕೂತಿರಲಿ, ಅದನ್ನು ದಾಟುವ ಒಂದು ಪದವಾದರೂ ಒಪ್ಪುವ ತನಕ ಪೆನ್ನಿನಲ್ಲಿ ಬರೆಯಬೇಡಿ. ಪೆನ್ಸಿಲ್ ಹಿಡಿದರೆ ಮಾನ ಹೋಗುವುದಿಲ್ಲ.

ಕನ್ನಡದಲ್ಲಿ ಈ ಮಾತಿಗೆ ತೂಕ ಹೆಚ್ಚು. 1913ರ ಡಿಸೆಂಬರ್‌ನಲ್ಲಿ ಆರ್ಥರ್ ವಿನ್ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಗೆ ಮೊದಲ ಪದಬಂಧ ಹೆಣೆದಾಗ ಅವರ ಕೈಯಲ್ಲಿದ್ದ ಸರಕು 26 ಅಕ್ಷರ. ನಮ್ಮ ಒಂದು ಮನೆಯೊಳಗೆ ವ್ಯಂಜನ, ಗುಣಿತ, ಒತ್ತು ಎಲ್ಲ ಒಟ್ಟಿಗೆ ಕೂರುತ್ತವೆ. ಹಾಗಾಗಿ ದಾಟುವ ಪದದಿಂದ ಬಂದ ಒಂದೇ ಅಕ್ಷರ ಬಹಳ ಹೇಳುತ್ತದೆ. ನಾಲ್ಕನೇ ಮನೆಯಲ್ಲಿ ‘ಟ್ಟಿ’ ಸಿಕ್ಕರೆ ಆಲಮಟ್ಟಿ ಮುಕ್ಕಾಲು ಬಂದ ಹಾಗೆ. ಇಷ್ಟು ಗಟ್ಟಿ ಸಾಕ್ಷಿ ಕೈಯಲ್ಲಿದ್ದೂ ತಲೆಬರಹ ಹಿಡಿದು ಊಹೆ ಮಾಡುವುದು ಏಕೋ!

ಇನ್ನೊಂದು ಹುಚ್ಚು, ಎಲ್ಲ ಸುಳಿವಿನಲ್ಲೂ ವಿಷಯ ಹುಡುಕುವುದು. ಬಂಧ ಹೆಣೆಯುವವರು (ನಾನಂತೂ) ವಿಷಯದ ಉದ್ದ ಪದಗಳನ್ನು ಮೊದಲು ಕೂರಿಸುತ್ತೇವೆ: ಕೂಡಲಸಂಗಮ, ಪಟ್ಟದಕಲ್ಲು, ಹೀಗೆ. ಉಳಿದ ಸಂದಿಗೆ ಕೈಗೆ ಸಿಕ್ಕ ಪದ ತುರುಕುತ್ತೇವೆ. ಅದೇ ನದಿಗಳ ಬಂಧದಲ್ಲಿ ‘ಹರಿದದ್ದನ್ನು ಸರಿಮಾಡುವವ (3)’ ಇತ್ತು. ನೀರಾವರಿ ಇಲಾಖೆಯ ತನಕ ಹೋಗಿ ಬಂದವರಿದ್ದಾರೆ. ಸಿಂಪಿಗ, ಅಷ್ಟೇ. ಎಲ್ಲ ಬಂಧವೂ ಹೀಗೇ ಇರುತ್ತದೆ ಎನ್ನಲಾರೆ. ಕೆಲವರು ಸಣ್ಣ ಪದದಲ್ಲೂ ವಿಷಯ ಅಡಗಿಸುತ್ತಾರೆ. ಆದರೆ ಎರಡು-ಮೂರು ಮನೆಯ ಪದವನ್ನು ವಿಷಯ ಮರೆತು ಬಿಡಿಸಿದರೆ ಕೈ ಬೇಗ ಓಡುತ್ತದೆ.

ಬಂಧ ಹೆಣೆಯುವ ನಮ್ಮವರ ತಪ್ಪೂ ಇದೆ. ‘ವಿಜಯಪುರ ಜಿಲ್ಲೆಯ ನದಿ (2)’ ಎಂದಷ್ಟೇ ಕೊಟ್ಟು ಕೈತೊಳೆದುಕೊಂಡರೆ ಕೃಷ್ಣಾ, ಭೀಮಾ, ಡೋಣಿ ಮೂರೂ ಕೂರುತ್ತವೆ. ಸುಳಿವಿನಲ್ಲಿ ಓಣಿ, ಜೋಳ ಎಂದು ಒಂದು ಮಾತು ಸೇರಿಸಿದರೆ ಗಾದೆ ಬಲ್ಲವರು ಡೋಣಿ ಎಂದಾರು. ಸೇರಿಸದಿದ್ದರೆ ಮತ್ತೆ ದಾಟುವ ಪದವೇ ಗತಿ.

ಮಲಪ್ರಭೆ ಗೊತ್ತಾದ ಮೇಲೂ ಕೊನೆಯ ಮನೆ ಬಾಕಿ ಇರುತ್ತದೆ. ‘ಭಾ’ ಬರೆಯಬೇಕೋ ‘ಭೆ’ ಬರೆಯಬೇಕೋ ನದಿಯನ್ನು ಕೇಳಿದರೆ ಹೇಳುವುದಿಲ್ಲ. ಆ ಮನೆ ದಾಟುವ ಪದ ಬರುವ ತನಕ ಅಲ್ಲಿ ‘ಭ’ ಒಂದನ್ನೇ ತಿಳಿಯಾಗಿ ಬರೆದಿಡಿ.