ಮಳೆ ಚೆನ್ನಾಗಾಯ್ತು, ಇನ್ನು ಕಾಡಿಗೆ ಬೆಂಕಿ ಭಯ ಜಾಸ್ತಿ

ಕಾಡ್ಗಿಚ್ಚು ಎಲ್ಲಿ ಬೀಳಬಹುದು ಅಂತ ಅಂದಾಜು ಮಾಡಿ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಭಯ ಜಾಸ್ತಿ ಇರುವ ಜಾಗಕ್ಕೆ ಕೆಂಪು ಬಣ್ಣ. ಡಿಸೆಂಬರ್ ಬಂದರೆ ಸಾಕು, ನಕ್ಷೆ ಕೇಳುವವರದು ಅದೇ ಮಾತು ಶುರು. "ಈ ಸಲ ಮಳೆ ಚೆನ್ನಾಗಾಗಿದೆ ಸಾರ್, ಬೆಂಕಿ ಭಯ ಇಲ್ಲ, ಕೆಂಪು ಸ್ವಲ್ಪ ಕಮ್ಮಿ ಮಾಡಿ." ಕೆಂಪು ಕಮ್ಮಿ ಮಾಡೋಕೆ ನಾನೇನು ಪೇಂಟರಾ?

ನಮ್ಮ ತುಮಕೂರು ಜಿಲ್ಲೆಯ ಕಾಡು ಎಂಥದ್ದು ನೋಡಿ. ದೇವರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿ ಕಡೆಯ ತಿಮ್ಲಾಪುರ ಕರಡಿಧಾಮ, ಎಲ್ಲೇ ಹೋದರೂ ಬಂಡೆ, ಕುರುಚಲು ಗಿಡ, ನಡುನಡುವೆ ಹುಲ್ಲು. ಇಲ್ಲಿ ಒಣಗುವುದಕ್ಕೇನೂ ಬರವಿಲ್ಲ. ಮಳೆ ಎಷ್ಟೇ ಬಂದಿರಲಿ, ಫೆಬ್ರುವರಿ ಹೊತ್ತಿಗೆ ಹುಲ್ಲೆಲ್ಲ ಒಣಗೇ ಒಣಗುತ್ತದೆ. ಬರ ಇರುವುದು ಉರಿಯುವ ಸರಕಿಗೆ. ಆ ಸರಕು ಅಂದರೆ ಹುಲ್ಲು, ಹುಲ್ಲನ್ನು ಬೆಳೆಸುವುದು ಹಿಂದಿನ ಮಳೆ, ಅದರಲ್ಲೂ ನಮ್ಮ ಕಡೆ ಜೋರಾಗಿ ಸುರಿಯುವ ಸೆಪ್ಟೆಂಬರ್-ಅಕ್ಟೋಬರ್ ಮಳೆ. ನೀವು ಅಕ್ಟೋಬರ್‌ನಲ್ಲಿ ನೋಡಿ ಖುಷಿಪಟ್ಟ ಹಸಿರೇ ಮಾರ್ಚ್‌ನಲ್ಲಿ ಉರಿಯುವುದು. ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ಒಳ್ಳೆ ಮಳೆ, ಜಾಸ್ತಿ ಹುಲ್ಲು, ಜಾಸ್ತಿ ಬೆಂಕಿ.

ಮಲೆನಾಡಿನ ದಟ್ಟ ಕಾಡಲ್ಲಿ ಲೆಕ್ಕ ಉಲ್ಟಾ. ಅಲ್ಲಿ ತರಗೆಲೆಗೆ ಕೊರತೆಯೇ ಇಲ್ಲ, ಆದರೆ ಅದು ಸುಲಭವಾಗಿ ಒಣಗುವುದಿಲ್ಲ. ಮಳೆ ಕೈಕೊಟ್ಟ ವರ್ಷವೇ ಅಲ್ಲಿ ಭಯ. ಆ ಸೂತ್ರವನ್ನೇ ಹೊತ್ತು ತಂದು ಇಲ್ಲಿಗೆ ಹಾಕುತ್ತಾರೆ. ಕಂಪ್ಯೂಟರ್ ಪಾಪ ಏನು ಮಾಡುತ್ತದೆ, ಕೊಟ್ಟ ಸೂತ್ರಕ್ಕೆ ತಕ್ಕ ಹಾಗೆ ಚೆಂದದ ನಕ್ಷೆ ಬಿಡಿಸಿಕೊಡುತ್ತದೆ.

2022ರಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಬಿದ್ದಿದ್ದು ನೆನಪಿದೆ ಅಲ್ವಾ? ಮಾರನೇ ವರ್ಷ ಬರ. ಆ ಬರದ ನಂತರದ ಬೇಸಿಗೆಯಲ್ಲಿ ಮಧುಗಿರಿ ಹತ್ತಿರ ಒಬ್ಬ ಕುರಿ ಕಾಯುವ ಅಜ್ಜನನ್ನು ಮಾತಾಡಿಸಿದ್ದೆ. ಬೆಟ್ಟದ ಬುಡದಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದರು, ಕುರಿಗಳು ಬಂಡೆ ಸಂದಿಯಲ್ಲಿ ಏನಾದರೂ ಸಿಗುತ್ತಾ ಅಂತ ಮೂತಿ ತೂರಿಸುತ್ತಿದ್ದವು. ಈ ಸಲ ಬೆಂಕಿ ಬಿತ್ತಾ ಅಜ್ಜಾ ಅಂದೆ. "ಉರಿಯಾಕೆ ಏನೈತೆ ಸ್ವಾಮಿ, ಕುರಿಗೇ ಇಲ್ಲ" ಅಂದರು. ನಾನು ಮೀಟಿಂಗ್‌ನಲ್ಲಿ ಅರ್ಧ ಗಂಟೆ ಸ್ಲೈಡ್ ತೋರಿಸಿ ಹೇಳುವುದು ಇಷ್ಟನ್ನೇ. ಬರದ ವರ್ಷ ಹುಲ್ಲು ಬೆಳೆಯುವುದೂ ಕಮ್ಮಿ, ಬೆಳೆದಿದ್ದನ್ನು ದನ-ಕುರಿ ನುಣ್ಣಗೆ ಮೇಯ್ದಿರುತ್ತವೆ.

ಹಾಗಂತ ಬರ ಬಂದರೆ ನಿಶ್ಚಿಂತೆ ಅಂತ ನಾನು ಹೇಳಿಲ್ಲ. ಕಣಿವೆಯ ನೆರಳಲ್ಲಿ ಮರ ದಟ್ಟವಾಗಿರುವ ಕಡೆ ಲೆಕ್ಕ ಬೇರೆಯಾಗಬಹುದು. ಲಂಟಾನ ಪೊದೆ ಹಬ್ಬಿದ ಜಾಗದ ಕಥೆಯೂ ಬೇರೆ. ಜೊತೆಗೆ ಕಾಡಿನ ಬೆಂಕಿ ಬಹುಪಾಲು ಮನುಷ್ಯರ ಕೈಯಿಂದಲೇ ಬೀಳುವುದು. ಹೊಸ ಹುಲ್ಲು ಚಿಗುರಲಿ ಅಂತ ಹಚ್ಚುವವರಿದ್ದಾರೆ, ಬೀಡಿ ಎಸೆದು ಹೋಗುವವರಿದ್ದಾರೆ. ಅದಕ್ಕೇ ರಸ್ತೆ, ಕಾಲುದಾರಿ, ದೇವಸ್ಥಾನದ ಸುತ್ತ ಕೆಂಪು ಜಾಸ್ತಿ ಕಾಣುತ್ತದೆ. ಯಾವತ್ತು, ಯಾರು ಹಚ್ಚುತ್ತಾರೆ ಅಂತ ನಕ್ಷೆ ಹೇಳುವುದಿಲ್ಲ. ಬೀಳುವ ಸಂಭವ ಎಲ್ಲಿ ಜಾಸ್ತಿ, ಬಿದ್ದರೆ ಹಬ್ಬುವ ಜಾಗ ಯಾವುದು ಅನ್ನುವುದಷ್ಟೇ ಅದರ ಮಾತು.

ಉಪಗ್ರಹದ ಬೆಂಕಿ ಚುಕ್ಕಿ ನೋಡಿಕೊಂಡು ಸುಮ್ನೆ ಕೂರುವವರಿಗೂ ಒಂದು ಮಾತು. ವೀರ್ಸ್ (ಉಪಗ್ರಹದಿಂದ ಬೆಂಕಿಯ ಬಿಸಿ ಗುರುತಿಸುವ ಸಾಧನ) ಕೊಡುವ ಚುಕ್ಕಿ ಅಂದರೆ 375 ಮೀಟರ್ ಚೌಕದ ನಡುಬಿಂದು, ಬೆಂಕಿ ಅದರೊಳಗೆ ಎಲ್ಲಾದರೂ ಇರಬಹುದು. ಅದು ಬರುವ ಹೊತ್ತಿಗೆ ಬೆಂಕಿ ಬಿದ್ದಾಗಿರುತ್ತದೆ. ನಾನು ಮೊದಲು ನೋಡುವುದು ಸೆಂಟಿನೆಲ್-2 ಉಪಗ್ರಹದ ಚಿತ್ರ, 10 ಮೀಟರ್ ವಿವರ, ಮೋಡ ಇಲ್ಲದಿದ್ದರೆ ಸುಮಾರು 5 ದಿನಕ್ಕೊಂದು. ಅಕ್ಟೋಬರ್‌ನಲ್ಲಿ ಕಡು ಹಸಿರಾಗಿದ್ದು ಜನವರಿಗೆ ಪೂರ್ತಿ ಕಂದಾದ ಜಾಗ ಯಾವುದು ಅಂತ ಹುಡುಕುತ್ತೇನೆ. ಫೈರ್ ಲೈನ್ (ಬೆಂಕಿ ದಾಟದ ಹಾಗೆ ಹುಲ್ಲು ಸವರಿದ ಪಟ್ಟಿ) ಮೊದಲು ಅಲ್ಲಿ ತೆಗೆಸಿ, ಅದೂ ಜನವರಿ ಮುಗಿಯುವ ಮುಂಚೆ.

ಮಾರ್ಚ್‌ನಲ್ಲಿ ಒಂದು ಮಳೆ ಬಿತ್ತು ಅಂತ ವಾಚರ್‌ಗಳನ್ನು ಮನೆಗೆ ಕಳಿಸಬೇಡಿ. ಒಣಹುಲ್ಲು ತೆಳು, ಸುತ್ತಲಿನ ಗಾಳಿಯ ತೇವಕ್ಕೆ ಗಂಟೆಗಳಲ್ಲೇ ಹೊಂದಿಕೊಳ್ಳುತ್ತದೆ. ಬೆಳಿಗ್ಗೆ ಒದ್ದೆ ಇದ್ದದ್ದು ಬಿಸಿಲು ಏರಿದ ಮೇಲೆ ಮತ್ತೆ ಗರಿಗರಿ.