ಸಿಟ್ಟಿಗೂ ಗುಂಡಿಗೂ ನಡುವಿನ ಅಂತರ

2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಬಲಿಯಾದವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರನ್ನು ಯಾರೂ ಕೊಲ್ಲಲಿಲ್ಲ. ಅವರು ತಾವೇ ಪ್ರಾಣ ಕಳೆದುಕೊಂಡರು. ಟಿವಿಯಲ್ಲಿ ದಿನಗಟ್ಟಲೆ ಕಾಣುವ ಸಾಮೂಹಿಕ ಹತ್ಯೆಗಳು ಈ ಲೆಕ್ಕದಲ್ಲಿ ತೀರಾ ಸಣ್ಣ ಪಾಲು.

ಕೊಲ್ಲಬೇಕೆಂದವನು ಬಂದೂಕಿಲ್ಲದಿದ್ದರೆ ಚಾಕು ಹಿಡಿಯುತ್ತಾನೆ ಎಂಬ ವಾದ ಹಳೆಯದು. ಅಮೆರಿಕದ ಅಪರಾಧಶಾಸ್ತ್ರಜ್ಞ ಫ್ರಾಂಕ್ಲಿನ್ ಜಿಮ್ರಿಂಗ್ 1968ರಲ್ಲೇ ಷಿಕಾಗೊ ಪೊಲೀಸರ ದಾಖಲೆಗಳನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. ಹೆಚ್ಚಿನ ಕೊಲೆಗಳ ಹಿಂದೆ ಇದ್ದದ್ದು ಸಂಚಲ್ಲ, ಮಾತಿಗೆ ಮಾತು ಬೆಳೆದ ಜಗಳ. ಆದರೆ ಬಂದೂಕಿನ ದಾಳಿ ಚಾಕುವಿನ ದಾಳಿಗಿಂತ ಸುಮಾರು ಐದು ಪಟ್ಟು ಮಾರಕವಾಗಿತ್ತು. ಸಿಟ್ಟು ಅದೇ, ಆಯುಧ ಬದಲಾದರೆ ಸಾವಿನ ಸಂಖ್ಯೆ ಬದಲಾಗುತ್ತದೆ.

ಹತಾಶೆಗೂ ಇದೇ ಮಾತು ಸಲ್ಲುತ್ತದೆ. ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟುಹೋಗಬೇಕೆಂದು ಇಸ್ರೇಲ್ ಸೇನೆ 2006ರಲ್ಲಿ ನಿಯಮ ಮಾಡಿತು. ಯುವ ಸೈನಿಕರ ಆತ್ಮಹತ್ಯೆ ಸುಮಾರು ಶೇ 40ರಷ್ಟು ಇಳಿಯಿತು. ಇಳಿದದ್ದು ವಾರಾಂತ್ಯದ ಸಾವುಗಳು. ಉಳಿದ ದಿನಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಅಂದರೆ ಆ ಒಂದು ಗಳಿಗೆಯನ್ನು ದಾಟಿದವರು ಬದುಕಿಕೊಂಡರು.

ಹಾಗಾದರೆ ಬಂದೂಕು ಸುಲಭವಾಗಿ ಕೈಗೆ ಸಿಗದಂತೆ ತಡೆಯುವ ಕಾನೂನೊಂದೇ ಸಾಕೇ? ಸಾಲದು. ಅಮೆರಿಕದ ನಗರಗಳಲ್ಲಿ ಗುಂಡಿನ ಸದ್ದು ಎಲ್ಲ ಕಡೆ ಒಂದೇ ಸಮನೆ ಕೇಳುವುದಿಲ್ಲ. ಬಡತನ, ಪಾಳುಬಿದ್ದ ಮನೆಗಳು ಮತ್ತು ಪೊಲೀಸರ ಮೇಲಿನ ಅಪನಂಬಿಕೆ ಒಟ್ಟಾಗಿರುವ ಕೆಲವೇ ಬೀದಿಗಳಲ್ಲಿ ಅದು ಮತ್ತೆ ಮತ್ತೆ ಕೇಳುತ್ತದೆ. ಎಲ್ಲ ಹೊಣೆಯನ್ನೂ ಮಾನಸಿಕ ಕಾಯಿಲೆಯ ತಲೆಗೆ ಕಟ್ಟುವುದು ರೋಗಿಗಳಿಗೆ ಮಾಡುವ ಅನ್ಯಾಯ. ಒಟ್ಟು ಹಿಂಸೆಯಲ್ಲಿ ತೀವ್ರ ಮನೋರೋಗದ ಪಾಲು ಶೇ 4ರ ಆಸುಪಾಸು.

ನನಗೆ ಬಹಳ ಭರವಸೆ ಕೊಟ್ಟದ್ದು ಫಿಲಡೆಲ್ಫಿಯಾದ ಪ್ರಯೋಗ. ಅಲ್ಲಿ ಸಂಶೋಧಕರು 541 ಪಾಳು ನಿವೇಶನಗಳನ್ನು ಆರಿಸಿಕೊಂಡು, ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿದರು. ಕೆಲವು ಕಡೆ ಕಸ ತೆಗೆದು, ಹುಲ್ಲು ಬೆಳೆಸಿ, ಗಿಡ ನೆಟ್ಟು, ಮರದ ಗಿಡ್ಡ ಬೇಲಿ ಹಾಕಿದರು. ಇನ್ನು ಕೆಲವನ್ನು ಇದ್ದ ಹಾಗೆಯೇ ಬಿಟ್ಟರು. 2018ರಲ್ಲಿ ಫಲಿತಾಂಶ ಬಂತು: ಕಡುಬಡವರ ಬಡಾವಣೆಗಳಲ್ಲಿ ಹಸಿರಾದ ಜಾಗಗಳ ಸುತ್ತ ಬಂದೂಕು ಹಿಂಸೆ ಶೇ 29ರಷ್ಟು ತಗ್ಗಿತ್ತು. ಕಳೆ ಬೆಳೆದ ನಿವೇಶನ ಅಕ್ರಮ ಬಂದೂಕು ಬಚ್ಚಿಡಲು ಅನುಕೂಲವಾದ ಜಾಗ. ಅದು ಚೊಕ್ಕಟವಾದರೆ ಆ ಮರೆ ಇಲ್ಲವಾಗುತ್ತದೆ, ನೆರೆಹೊರೆಯವರು ಹೊರಗೆ ಬಂದು ಕೂರುತ್ತಾರೆ. ಷಿಕಾಗೊದಲ್ಲಿ ಬಡ ಬಡಾವಣೆಗಳ ಹದಿಹರೆಯದವರಿಗೆ ಎಂಟು ವಾರಗಳ ಬೇಸಿಗೆ ಕೆಲಸ ಕೊಟ್ಟಾಗಲೂ, ಹಿಂಸಾಪರಾಧಕ್ಕಾಗಿ ಅವರು ಬಂಧನಕ್ಕೊಳಗಾಗುವುದು ಮುಂದಿನ 16 ತಿಂಗಳಲ್ಲಿ ಶೇ 43ರಷ್ಟು ಕಡಿಮೆಯಾಯಿತು.

ಇಂತಹ ಅಧ್ಯಯನಗಳು ಇನ್ನೂ ಎಷ್ಟೋ ಇರಬೇಕಿತ್ತು. ಬಂದೂಕು ನಿಯಂತ್ರಣದ ಪರ ಪ್ರಚಾರಕ್ಕೆ ರೋಗ ನಿಯಂತ್ರಣ ಕೇಂದ್ರದ ಹಣ ಬಳಸಕೂಡದೆಂದು ಅಮೆರಿಕದ ಸಂಸತ್ತು 1996ರಲ್ಲಿ ವಿಧಿಸಿದ ಷರತ್ತಿಗೆ ಹೆದರಿ, ಸರ್ಕಾರಿ ನೆರವಿನ ಸಂಶೋಧನೆ ಎರಡು ದಶಕಗಳ ಕಾಲ ಬಹುತೇಕ ನಿಂತೇಹೋಗಿತ್ತು. ಇಂತಹ ಸಂಶೋಧನೆಗೆಂದು 2.5 ಕೋಟಿ ಡಾಲರ್ ಮಂಜೂರಾದದ್ದು 2019ರ ಕೊನೆಗೆ. ಅದರ ಮರುವರ್ಷ ಆ ದೇಶದ ಮಕ್ಕಳು ಮತ್ತು ಹದಿಹರೆಯದವರ ಸಾವಿನ ಕಾರಣಗಳಲ್ಲಿ ಬಂದೂಕು ವಾಹನ ಅಪಘಾತಗಳನ್ನೂ ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದಿತ್ತು.